ಮೂರನೇ ದಿನದ ಕೆಂಪಿಂಡಿ

ಹಣ್ಣುಮೆಣಸಿನಕಾಯಿ ಕೊಳ್ಳುವಾಗ ಬಣ್ಣ ನೋಡಬಾರದು. ತೊಟ್ಟು ನೋಡಬೇಕು. ತೊಟ್ಟು ಹಸಿರಾಗಿ ಬಿಗಿಯಾಗಿದ್ದರೆ ಕಾಯಿ ಕೊಯ್ದು ಹೆಚ್ಚು ಹೊತ್ತಾಗಿಲ್ಲ. ತೊಟ್ಟು ಕಪ್ಪಾಗಿ, ಮುಟ್ಟಿದರೆ ಕಳಚಿಕೊಳ್ಳುವಂತಿದ್ದರೆ ಮೇಲೆ ಎಷ್ಟು ಕೆಂಪಗೆ ಹೊಳೆದರೂ ಒಳಗೆ ಬೂಷ್ಟು ಹಿಡಿದಿರುತ್ತದೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಬೀಜ ಗಿಲಗಿಲ ಅಂದರೆ ಅದು ಒಣಗಲಿಕ್ಕೆ ಹತ್ತಿದೆ. ಅಂಥದ್ದು ಸಾರಿನ ಪುಡಿಗೆ ಆದೀತು, ಕೆಂಪಿಂಡಿಗೆ ಬೇಡ.

ಇದನ್ನೆಲ್ಲ ನನಗೆ ಕಲಿಸಿದ್ದು ನಮ್ಮ ಅತ್ತೆ. ಹೊನ್ನಾಳಿ ಸಂತೆಯಲ್ಲಿ, ಹತ್ತು ಜನರ ಎದುರಿಗೆ, ಬೈದು ಕಲಿಸಿದರು.

"ಅದೇನು ಬಳೆ ಆರಿಸ್ದಂಗೆ ಆರಿಸ್ತೀಯಾ? ತೊಟ್ಟು ನೋಡೇ, ತೊಟ್ಟು!"

ಮೆಣಸಿನಕಾಯಿ ಮಾರುವವಳು ನಕ್ಕಳು. "ಹೊಸಾ ಸೊಸೇನಾ ಅಮ್ಮಾ?"

"ಸೊಸೆ ಹೊಸಬಳು, ಕಣ್ಣು ಮಾತ್ರ ಮುದುಕೀದು. ಏನೂ ಕಾಣಂಗಿಲ್ಲ."

ನನ್ನ ತವರು ಜಗಳೂರು ಕಡೆ, ಬಿಳಿಚೋಡಿನ ಹತ್ತಿರ. ಅಲ್ಲಿ ಮಳೆ ಬಂದರೆ ಬೆಳೆ. ಮೆಣಸಿನಗಿಡ ಮೊಣಕಾಲುದ್ದ ಬಂದರೆ ಹೆಚ್ಚು. ಕಾಯಿ ಸಣ್ಣದು, ಖಾರ ಮಾತ್ರ ಕಣ್ಣಲ್ಲಿ ನೀರು ಬರಿಸುವಂಥದ್ದು. ನಾವು ಅದನ್ನು ಒಣಗಿಸಿ ಮೂಟೆ ಕಟ್ಟುತ್ತಿದ್ದೆವು, ಅಷ್ಟೆ. ಹಸಿ ಹಣ್ಣನ್ನೇ ಕುಟ್ಟಿ ಜಾಡಿಗೆ ತುಂಬಿ ವರ್ಷವಿಡೀ ತಿನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ನ್ಯಾಮತಿಗೆ ಸೊಸೆಯಾಗಿ ಬಂದ ಮೇಲೆ. ಅದಕ್ಕೆ ಕೆಂಪಿಂಡಿ ಅನ್ನುತ್ತಿದ್ದರು, ಬರೀ ಹಿಂಡಿ ಅಂತಲೂ ಅನ್ನುತ್ತಿದ್ದರು. ನಮ್ಮ ಅತ್ತೆಯ ಕೆಂಪಿಂಡಿಗೆ ಚನ್ನಗಿರಿಗೆ ಕೊಟ್ಟ ಮಗಳು ಪ್ರತಿ ವರ್ಷ ಖಾಲಿ ಗಡಿಗೆ ಹಿಡಿದುಕೊಂಡೇ ಬರುತ್ತಿದ್ದಳು. ತಾಯಿಯನ್ನು ನೋಡಲಿಕ್ಕೆ ಬಂದೆ ಅನ್ನುತ್ತಿದ್ದಳು.

ನಾನು ಹೇಳಲಿಕ್ಕೆ ಹೊರಟಿದ್ದು ಯುದ್ಧ ನಡೆಯುತ್ತಿದ್ದ ಕಾಲದ್ದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಹರಳೆಣ್ಣೆ ದೀಪ ಹಚ್ಚುತ್ತಿದ್ದೆವು. ನನಗೆ ಹದಿನೆಂಟು ಇದ್ದೀತು. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಮೂರೇ ಜನ. ಮಾವ ಹೋಗಿ ಬಹಳ ವರ್ಷವಾಗಿತ್ತು.

ಆ ಚಳಿಗಾಲ ಹೊನ್ನಾಳಿಯಿಂದ ಒಂದು ಮಣ ಹಣ್ಣುಮೆಣಸಿನಕಾಯಿ ತಂದೆವು. ತೊಟ್ಟು ಇರುವಾಗಲೇ ತೊಳೆಯಬೇಕು. ತೊಟ್ಟು ಕಿತ್ತು ತೊಳೆದರೆ ತೂತಿನಿಂದ ನೀರು ಒಳಗೆ ಹೋಗುತ್ತದೆ, ಜಾಡಿಯೇ ಕೆಡುತ್ತದೆ. ತೊಳೆದು, ಒಗೆದ ಪಂಚೆಯ ಮೇಲೆ ನೆರಳಲ್ಲಿ ಹರವಿ, ಒಂದೊಂದನ್ನೂ ಒರೆಸಿ, ಆಮೇಲೆ ತೊಟ್ಟು ಬಿಡಿಸಿದೆವು. ಒಳಕಲ್ಲಿಗೆ ಹಾಕಿ, ಉಪ್ಪು, ಬೆಳ್ಳುಳ್ಳಿ ಸೇರಿಸಿ, ತರಿತರಿಯಾಗಿ ಕುಟ್ಟಿದೆವು. ಘಾಟಿಗೆ ಬೀದಿಯವರೆಲ್ಲ ಕೆಮ್ಮಿದರು. ನನ್ನ ಕೈ ಎರಡು ದಿನ ಉರಿಯಿತು. ಬೆಂಕಿಯಲ್ಲಿ ಇಟ್ಟ ಹಾಗೆ. ಅತ್ತೆ ಹರಳೆಣ್ಣೆ ಹಚ್ಚಿ, ಕಡಲೆಹಿಟ್ಟಲ್ಲಿ ಉಜ್ಜಿ, ಮಜ್ಜಿಗೆಯಲ್ಲಿ ಕೈ ಅದ್ದಿಸಿದರು. "ನೀರಿಗೆ ಇದು ಹೋಗಂಗಿಲ್ಲ. ನೀರು ಹಾಕಿದ್ರೆ ಇನ್ನೂ ಹರಡ್ತೈತೆ. ಎಣ್ಣೆಗೇ ಬಿಡೋದು" ಅಂದರು.

ಕುಟ್ಟಿದ್ದನ್ನು ದೊಡ್ಡ ಪಿಂಗಾಣಿ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಡಿಗೆಮನೆಯ ಮೂಲೆಗೆ ಇಟ್ಟೆವು. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಮೂರನೇ ದಿನ ಬಟ್ಟೆ ಬಿಚ್ಚಬೇಕು. ಅಷ್ಟರಲ್ಲಿ ಉಪ್ಪಿಗೆ ಕಾಯಿ ನೀರು ಬಿಟ್ಟಿರುತ್ತದೆ. ನೀರು ಕೆಳಗೆ, ಸಿಪ್ಪೆ ಮೇಲೆ. ಬುಡದಿಂದ ತಿರುವಿ ಎಲ್ಲದಕ್ಕೂ ಉಪ್ಪುನೀರು ಹತ್ತುವಂತೆ ಮಾಡಿ ಒತ್ತಬೇಕು. ಆಮೇಲೆ ಎಷ್ಟು ದಿನ ಬಿಟ್ಟು ಹುಣಸೆ, ಮೆಂತ್ಯ ಹಾಕಿ ರುಬ್ಬಿದರೂ ನಡೆಯುತ್ತದೆ. ಮೂರನೇ ದಿನ ತಪ್ಪಿದರೆ ಮಾತ್ರ ಮೇಲೆ ಬಿಳಿ ಬೂಷ್ಟು ಬಂದು, ಹುಳಿ ಎದ್ದು, ಉಬ್ಬಿ ಹೊರಗೆ ಬರುತ್ತದೆ. ದನವೂ ಮೂಸುವುದಿಲ್ಲ.

ಜಾಡಿ ತುಂಬಿದ ಮಾರನೆಯ ದಿನ ಬೆಳಿಗ್ಗೆ ನಮ್ಮ ದನದ ಕೊಟ್ಟಿಗೆಯಲ್ಲಿ ಇಲಿ ಬಿತ್ತು.

ಆಗಿನವರಿಗೆ ಅಷ್ಟು ಹೇಳಿದರೆ ಸಾಕಿತ್ತು. ಇಲಿ ಸೂರಿನಿಂದ ತಾನಾಗಿ ಬಿದ್ದು ಸತ್ತರೆ ಪಿಳೇಗು ಬಂತು ಅಂತ. ಮನುಷ್ಯರಿಗೆ ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಎದ್ದು, ಜ್ವರ ಬಂದು, ಎರಡು ಮೂರು ದಿನಕ್ಕೆ ಮುಗಿಯುತ್ತಿತ್ತು. ನಮ್ಮದಲ್ಲದೆ ಇನ್ನೂ ಎರಡು ಮನೆಯಲ್ಲಿ ಇಲಿ ಬಿದ್ದಿತ್ತು. ಮಧ್ಯಾಹ್ನದೊಳಗೆ ಇಡೀ ಬೀದಿ ಊರು ಬಿಟ್ಟಿತು. ಊರಾಚೆ ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಕೊಂಡೆವು. ಗಾಡಿಗೆ ಜೋಳ, ಹಾಸಿಗೆ, ಪಾತ್ರೆ, ಸೌಟು, ಸಟ್ಟುಗ ಎಲ್ಲ ಹೇರಿದೆವು. ಜಾಡಿ ಹೇರಲಿಕ್ಕೆ ಆಗಲಿಲ್ಲ. ಇಬ್ಬರು ಹಿಡಿದರೂ ಏಳದಂಥ ಭಾರ, ಗಾಡಿಯ ಕುಲುಕಿಗೆ ಒಡೆಯುತ್ತದೆ. ಅತ್ತೆ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಮತ್ತೆ ಒಳಗೆ ಹೋಗಿ ಜಾಡಿಯ ಬಟ್ಟೆ ಬಿಗಿ ಮಾಡಿ ಬಂದರು.

ಗುಡಿಸಲುಗಳ ಯಜಮಾನಿಕೆ ನಮ್ಮ ಬೀದಿಯ ಗೌಡರದ್ದು. ಒಳ್ಳೆಯ ಮನುಷ್ಯ, ಆದರೆ ಮಾತಿಗೆ ಎರಡಿಲ್ಲ. ಊರಿನ ದಾರಿಗೆ ಜಾಲಿಮುಳ್ಳು ಎಳೆಸಿ ಒಬ್ಬ ಆಳನ್ನು ಕಾವಲಿಗೆ ಇಟ್ಟರು. ಇಲಿ ಬೀಳುವುದು ನಿಂತು, ಮನೆಗಳಿಗೆ ಔಷಧಿ ಹೊಡೆಸುವವರೆಗೆ ಯಾರೂ ಊರೊಳಗೆ ಕಾಲಿಡಬಾರದು. ಜ್ವರದ ಜೊತೆ ಗಡ್ಡೆ ಕಂಡವರನ್ನು ಹಳ್ಳದ ಆಚೆ ಕಟ್ಟಿದ ಒಂಟಿ ಗುಡಿಸಲಿಗೆ ಕಳಿಸಬೇಕು. ಊಟ ಈಚೆ ದಂಡೆಯ ಕಲ್ಲಿನ ಮೇಲೆ ಇಟ್ಟು ಬರಬೇಕು. ಹೋದ ವರ್ಷ ಅಲ್ಲಿಗೆ ಮೂವರು ಹೋಗಿದ್ದರು. ಒಬ್ಬರೂ ಈಚೆ ದಾಟಲಿಲ್ಲ.

ಗುಡಿಸಲಿಗೆ ಬಂದ ಘಳಿಗೆಯಿಂದ ಅತ್ತೆಗೆ ಜಾಡಿಯದೇ ಜಪ.

"ಇವತ್ತಿಗೆ ಎರಡನೇ ದಿನ. ನಾಳೆ ತೆಗೀಲಿಲ್ಲ ಅಂದ್ರೆ ಹೋತು."

ಪಕ್ಕದ ಗುಡಿಸಲಲ್ಲಿ ಎಮ್ಮೆ ಸಾಕಿದವಳೊಬ್ಬಳು ಇದ್ದಳು. ನಾವು ಎಮ್ಮೆಯಕ್ಕ ಅನ್ನುತ್ತಿದ್ದೆವು. ಅವಳ ಬಾಯಿಗೆ ಬೀದಿಯೇ ಹೆದರುತ್ತಿತ್ತು. "ಅಲ್ಲ ಅತ್ತೆಮ್ಮಾ, ಜನ ಪ್ರಾಣ ಹೋಗ್ತೈತೆ ಅಂತ ಓಡಿ ಬಂದಾರೆ, ನಿಮಗೆ ಹಿಂಡೀದು ಚಿಂತೆ" ಅಂದಳು.

"ಪ್ರಾಣ ಉಳಿದ್ರೆ ವರ್ಷವೆಲ್ಲ ರೊಟ್ಟಿಗೆ ಏನು ನೆಂಚ್ಕಂತೀಯೇ? ನಿನ್ನ ಮಾತನ್ನಾ?"

ಮಾರನೆಯ ದಿನ ಬೆಳಿಗ್ಗೆ ಸರ್ಕಾರದಿಂದ ಸೂಜಿ ಹಾಕುವವರು ಬಂದರು. ಸಾಲಾಗಿ ನಿಲ್ಲಿಸಿ ಎಲ್ಲರ ತೋಳಿಗೂ ಚುಚ್ಚಿದರು. ಸಂಜೆಗೆ ಜ್ವರ ಬರಬಹುದು, ತೋಳು ಊದಬಹುದು, ಹೆದರಬೇಡಿ ಅಂತ ಹೇಳಿಹೋದರು. ಅವರು ಹೋದ ಮೇಲೆ ಅತ್ತೆ ಮಗನನ್ನು ಗುಡಿಸಲ ಹಿಂದಕ್ಕೆ ಕರೆದರು. ನಾನು ರೊಟ್ಟಿ ತಟ್ಟುತ್ತಿದ್ದೆ. ದಂಟಿನ ಗೋಡೆ, ಎಲ್ಲ ಕೇಳಿಸಿತು.

"ಈಗ ಸೂಜಿ ಹಾಕ್ಸಿದ್ದೀಯ, ನಿನಗೇನೂ ಆಗಂಗಿಲ್ಲ. ಕೆರೆ ಏರಿ ಮೇಲಿಂದ ಹೋಗಿ ಹಿತ್ತಲ ಬಾಗಿಲು ತೆಗಿ. ಜಾಡಿ ಬುಡದಿಂದ ತಿರುವಿ ಒತ್ತಿ ಬಾ. ಅಷ್ಟೇ ಕೆಲ್ಸ."

"ಗೌಡ್ರಿಗೆ ಗೊತ್ತಾದ್ರೆ?"

"ಅವ್ರಿಗೆ ಹೇಳಿ ಹೋಗು ಅಂದ್ನಾ ನಾನು?"

ನಾನು ಹಿಟ್ಟಿನ ಕೈಯಲ್ಲೇ ಎದ್ದು ಹೋದೆ. "ಅತ್ತೆಮ್ಮಾ, ಇಲಿ ಬಿದ್ದಿರೋದು ನಮ್ಮ ಕೊಟ್ಟಿಗೇಲಿ. ಅಡಿಗೆಮನೆ ಗೋಡೆ ಕೊಟ್ಟಿಗೆ ಗೋಡೆ ಒಂದೇ."

"ನಿನ್ನ ಕೇಳಿದ್ರಾ ಯಾರಾದ್ರೂ?"

ಗಂಡ ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು. ತಾಯಿಯ ಮಾತು ಮೀರಿ ಅವರಿಗೆ ಅಭ್ಯಾಸವಿರಲಿಲ್ಲ. ಟವಲ್ಲು ತಲೆಗೆ ಸುತ್ತಿಕೊಂಡು, ಹೊಲಕ್ಕೆ ಹೋಗುವವರ ಹಾಗೆ ಹೊರಟುಬಿಟ್ಟರು.

ಅವತ್ತು ರೊಟ್ಟಿ ಸುಟ್ಟುಕೊಂಡೆ. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಕಾವಲಿನ ಆಳು ಮುಳ್ಳಿನ ಪಕ್ಕ ಬೀಡಿ ಸೇದುತ್ತ ಕೂತಿದ್ದ. ಎಮ್ಮೆಯಕ್ಕ ಎರಡು ಸಲ ಕೇಳಿದಳು, "ಎಲ್ಲಿ ನಿನ್ನ ಗಂಡ ಕಾಣವಲ್ಲ?" ಹೊಲಕ್ಕೆ ಅಂದೆ. "ಸೂಜಿ ಹಾಕ್ಸಿದ ದಿನ ಹೊಲಕ್ಕಾ?" ಅಂದಳು. ನಾನು ಒಲೆಯ ಕಡೆ ತಿರುಗಿಕೊಂಡೆ.

ಇಳಿಹೊತ್ತಿಗೆ ಬಂದರು. ಅತ್ತೆ ಮೊದಲು ಕೇಳಿದ್ದು, "ಬೂಷ್ಟು ಬಂದಿತ್ತಾ?"

"ಇಲ್ಲ. ತಿರುವಿ ಒತ್ತಿದೀನಿ."

"ನೀರು ಮೇಲೆ ಬಂತಾ?"

"ಬಂತು ಬಿಡವ್ವಾ."

ಅತ್ತೆಯ ಮುಖ ತಿಳಿಯಾಯಿತು. ಗಂಡ ಮಾತ್ರ ಕೂತಲ್ಲಿ ಕೂರಲಿಲ್ಲ. ಕಾಲು ಅಗಲಿಸಿ ನಿಲ್ಲುವುದು, ಎರಡು ಹೆಜ್ಜೆ ಹೋಗುವುದು, ಮತ್ತೆ ನಿಲ್ಲುವುದು. ಊಟಕ್ಕೆ ಕೂತು ಅರ್ಧಕ್ಕೆ ಎದ್ದರು. ಏನು ಅಂದರೆ ಏನೂ ಇಲ್ಲ ಅಂದರು. ದೀಪ ಹಚ್ಚುವ ಹೊತ್ತಿಗೆ ಮೈ ಕಾದ ಹಂಚಾಗಿತ್ತು.

ಜ್ವರ ನನಗೂ ಇತ್ತು, ಅತ್ತೆಗೂ ಇತ್ತು. ಸೂಜಿಯ ಜ್ವರ ಅಂತ ನಾವು ಕಂಬಳಿ ಹೊದ್ದು ಕೂತಿದ್ದೆವು. ಆಗ ಅವರು ಗೋಡೆಯ ಕಡೆ ತಿರುಗಿಕೊಂಡು ಮೆಲ್ಲಗೆ ಅಂದರು:

"ಅವ್ವಾ, ತೊಡೆಸಂದೀಲಿ ಉರಿ. ಊದೈತೆ."

ಅತ್ತೆ ಎರಡೂ ಕೈಯಿಂದ ತಲೆ ತಲೆ ಬಡಿದುಕೊಂಡರು. "ನಾನೇ ಕಳಿಸಿದ್ನಲ್ಲಪ್ಪಾ, ನಾನೇ ಕಳಿಸಿದ್ನಲ್ಲಾ!" ನಾನು ಅವರ ಬಾಯಿ ಮುಚ್ಚಿದೆ. ಅತ್ತೆಯ ಬಾಯಿಗೆ ಕೈ ಇಟ್ಟ ಸೊಸೆ ನಾನು. ಆದರೆ ದಂಟಿನ ಗೋಡೆಯಿಂದ ಒಂದೇ ಕಡೆಗೆ ಕೇಳಿಸುವುದಿಲ್ಲವಲ್ಲ. ಎಮ್ಮೆಯಕ್ಕನ ಗುಡಿಸಲಲ್ಲಿ ಮಾತು ನಿಂತಿತು.

ಬೆಳಗಾಗುತ್ತಲೇ ಅವಳು ತನ್ನ ಎಮ್ಮೆಯನ್ನು ಬಿಚ್ಚಿ ದೂರ ಕಟ್ಟಿದಳು. ಅದನ್ನು ನೋಡಿಯೇ ನನಗೆ ತಿಳಿಯಿತು, ಗೌಡರಿಗೆ ಸುದ್ದಿ ಮುಟ್ಟಿದೆ ಅಂತ.

ಗೌಡರು ಬರುವುದರೊಳಗೆ ನಾನೇ ನೋಡುತ್ತೇನೆ ಅಂದೆ. ಗಂಡ ಒದ್ದಾಡಿದರು, ಬೇಡ ಅಂದರು. ಬಿಡಲಿಲ್ಲ. ಎರಡೂ ಕಡೆ ತೊಡೆಸಂದಿ ರಕ್ತದ ಹಾಗೆ ಕೆಂಪಗೆ, ಚರ್ಮ ಊದಿ ಹೊಳೆಯುತ್ತಿತ್ತು. ಬೆರಳಿಟ್ಟು ಒತ್ತಿ ನೋಡಿದೆ. ಬಟಾಣಿಯಷ್ಟು ಒಂದು ಗಂಟು ಸಿಕ್ಕಿತು. ಹಿಂದೆ ತಿರುಗಿ ಸೀರೆಯ ಮೇಲಿಂದಲೇ ನನ್ನ ತೊಡೆಸಂದಿಯನ್ನೂ ಒತ್ತಿ ನೋಡಿಕೊಂಡೆ. ನನಗೂ ಅಂಥದ್ದೇ ಒಂದು ಇತ್ತು. ಹಾಗಾದರೆ ಇದು ಎಲ್ಲರಿಗೂ ಇರುವುದೋ, ಅಥವಾ ಇಬ್ಬರಿಗೂ ಹತ್ತಿತೋ? ಯಾರನ್ನು ಕೇಳುವುದು?

ನೀರು ಕುಡಿಯೋಣ ಅಂತ ತಂಬಿಗೆ ತೆಗೆಯಲಿಕ್ಕೆ ಹೋದೆ. ತಂಬಿಗೆಯ ಮೇಲೆ, ಗುಡಿಸಲ ಬಿದಿರ ಗಳಕ್ಕೆ ಸಿಕ್ಕಿಸಿದ ಉದ್ದನೆಯ ಮರದ ಸಟ್ಟುಗ ಕಣ್ಣಿಗೆ ಬಿತ್ತು. ಜಾಡಿ ತಿರುವಲಿಕ್ಕೆ ನಮ್ಮಲ್ಲಿ ಇದ್ದದ್ದು ಅದೊಂದೇ. ಅದು ಇಲ್ಲಿದೆ. ಹಾಗಾದರೆ ಅಲ್ಲಿ ಇವರು ಯಾವುದರಲ್ಲಿ ತಿರುವಿದರು?

"ರೀ, ಜಾಡಿ ಯಾವುದ್ರಲ್ಲಿ ತಿರುವಿದ್ರಿ?"

"ಈಗ ಅದ್ಯಾಕೆ?"

"ಹೇಳ್ರಿ."

"ಕೈಯಲ್ಲಿ. ಇನ್ಯಾವುದ್ರಲ್ಲಿ? ಅಲ್ಲಿ ಒಂದು ಸೌಟಾದ್ರೂ ಇಟ್ಟಿದ್ರಾ ನೀವು?"

"ಕೈ ತೊಳ್ಕೊಂಡ್ರಾ?"

"ಹಂಡೇಲಿ ನೀರಿರ್ಲಿಲ್ಲ. ಪಂಚೆಗೆ ಒರೆಸ್ಕೊಂಡೆ."

"ಆಮೇಲೆ ದಾರೀಲಿ ಎಲ್ಲಾದ್ರೂ ಕೂತ್ರಾ?"

ಅವರು ಕಣ್ಣು ತಪ್ಪಿಸಿದರು. ಬಾಯಿಬಿಟ್ಟು ಹೇಳುವುದು ಬೇಕಾಗಿರಲಿಲ್ಲ. ಕೂತಿದ್ದಾರೆ, ಪಂಚೆ ಸರಿಮಾಡಿಕೊಂಡಿದ್ದಾರೆ, ಬೆವರಿಗೆ ಕೆರೆದುಕೊಂಡಿದ್ದಾರೆ.

"ಕೈ ಉರೀಲಿಲ್ವಾ ನಿಮಗೆ?"

"ಕೈ ಏನೂ ಆಗ್ಲಿಲ್ಲ. ಅದಕ್ಕೇ ಹೇಳ್ತಿರೋದು, ಇದು ಅದಲ್ಲ."

ಅವರ ಅಂಗೈ ಹಿಡಿದು ನೋಡಿದೆ. ನೇಗಿಲು ಹಿಡಿದು ಹಿಡಿದು ಎಮ್ಮೆಚರ್ಮದಷ್ಟು ದಪ್ಪ. ಅದಕ್ಕೆ ಕೆಂಡ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಅಂಗೈ ಎತ್ತಿ ನನ್ನ ತುಟಿಗೆ ಮುಟ್ಟಿಸಿಕೊಂಡೆ. ಒಂದು ರಾತ್ರಿ ಕಳೆದಿತ್ತು, ಆದರೂ ತುಟಿ ಚುರ್ ಅಂತು. ಗಂಡಸರು ಹಣ್ಣುಮೆಣಸಿನಕಾಯಿ ತಿಂದು ಗೊತ್ತು, ಮುಟ್ಟಿ ಗೊತ್ತಿಲ್ಲ. ಇದರ ಉರಿ ಕೈಯಿಂದ ಕೈಗೆ, ಬಟ್ಟೆಯಿಂದ ಮೈಗೆ ಹೋಗುತ್ತದೆ ಅಂತ ಅವರಿಗೆ ಯಾರು ಹೇಳಬೇಕು? ಸೂಜಿಗೆ ಬಂದ ಜ್ವರ ಒಂದು ಕಡೆ, ಮೆಣಸಿನಕಾಯಿಯ ಉರಿ ಒಂದು ಕಡೆ. ಎರಡನ್ನೂ ಕೂಡಿಸಿ ಪಿಳೇಗು ಮಾಡಿಕೊಂಡಿದ್ದರು.

ಹಾಗಂತ ಹೇಳಿದೆ. ಅವರು ಅರ್ಧ ನಂಬಿದರು, ಪೂರ್ತಿ ಸಿಟ್ಟಾದರು.

"ಇದನ್ನ ಗೌಡ್ರ ಮುಂದೆ ಹೇಳಿದ್ರೆ ನೋಡು."

"ಹೇಳ್ಲಿಲ್ಲ ಅಂದ್ರೆ ಹಳ್ಳದ ಆಚೆ ಕಳಿಸ್ತಾರೆ. ಅಲ್ಲಿ ಪಿಳೇಗಿನವರು ಮಲಗಿದ ಚಾಪೆ ಐತೆ. ಇಲ್ಲದ್ದು ಅಲ್ಲಿ ಹತ್ತುತ್ತೆ."

"ಹೋಗ್ತೀನಿ. ಊರ ಬಾಯಿಗೆ ಬೀಳೋದಕ್ಕಿಂತ ಅದೇ ವಾಸಿ."

ಅಷ್ಟರಲ್ಲಿ ಹೊರಗೆ ಗೌಡರ ಕೆಮ್ಮು. ಅವರ ಜೊತೆ ನಾಲ್ಕು ಜನ ಗಂಡಸರು. ಗುಡಿಸಲಿಂದ ದೂರವೇ ನಿಂತರು. ಇಬ್ಬರ ಕೈಯಲ್ಲಿ ಕಂಬಳಿ ಕಟ್ಟಿದ ಗಳ ಇತ್ತು. ಹೊತ್ತುಕೊಂಡು ಹೋಗಲಿಕ್ಕೆ.

"ಅಕ್ಕಾ," ಅಂತ ಗೌಡರು ಅತ್ತೆಯನ್ನು ಕರೆದರು, "ಹುಡುಗನಿಗೆ ಗಡ್ಡೆ ಎದ್ದೈತಂತೆ. ಮುಚ್ಚಿಡಬ್ಯಾಡ. ನಲವತ್ತು ಗುಡಿಸಲೈತೆ, ಕೂಸುಗಳು ಅದಾವೆ."

ಅತ್ತೆ ಹೊಸಲಲ್ಲಿ ಕುಸಿದು ಕೂತಿದ್ದರು. ಬೇರೆ ದಿನವಾಗಿದ್ದರೆ ಗೌಡರನ್ನೂ ಬೈಯುವ ಹೆಂಗಸು.

ಗಂಡಸರ ಮುಂದೆ ನಾನು ಅಲ್ಲಿಯವರೆಗೆ ಮಾತಾಡಿದವಳಲ್ಲ. ಸೆರಗು ತಲೆಗೆ ಎಳೆದುಕೊಂಡು ಹೊರಗೆ ಬಂದು ನಿಂತೆ.

"ಗಡ್ಡೆ ಅಲ್ರಿ ಗೌಡ್ರೇ. ಮೆಣಸಿನಕಾಯಿ."

"ಏನಂದೆ?"

"ಹಣ್ಣುಮೆಣಸಿನಕಾಯಿ. ನಿನ್ನೆ ಅವರು ಮನೆಗೆ ಹೋಗಿ ಹಿಂಡಿ ಜಾಡಿಗೆ ಕೈ ಹಾಕಿ ತಿರುವಿದ್ರು. ಕೈ ತೊಳೀದೆ ಬೇಲಿ ಮರೆಗೆ ಕೂತ್ರು."

ಹಿಂದೆ ನಿಂತವರಲ್ಲಿ ಒಬ್ಬ ಮುಖ ಆ ಕಡೆ ತಿರುಗಿಸಿ ಕೆಮ್ಮಿದ. ಗೌಡರು ನಗಲಿಲ್ಲ.

"ಮನೆಗೆ ಹೋಗಿದ್ನಾ? ಇಲಿ ಬಿದ್ದ ಮನೆಗೆ?"

"ಹೋಗಿದ್ರು."

"ಹಂಗಾದ್ರೆ ಗಡ್ಡೆ ಅಲ್ಲ ಅಂತ ಹೆಂಗೆ ಹೇಳ್ತೀಯಮ್ಮಾ? ಆ ಮನೆಗೆ ಹೋಗಿ ಬಂದ, ಜ್ವರ ಬಂತು, ಸಂದಿ ಊದಿತು. ನೀನು ಹೇಳಿದ್ದು ನನಗೆ ಇನ್ನೂ ಜಾಸ್ತಿ ಹೆದರಿಕೆ ಆಗಂಗೈತೆ."

ಅದು ನಿಜ. ನಾನು ಬಿಡಿಸಲಿಕ್ಕೆ ಹೋಗಿ ಇನ್ನೂ ಬಿಗಿ ಮಾಡಿದ್ದೆ. ಗಳ ಹಿಡಿದವರು ಎರಡು ಹೆಜ್ಜೆ ಮುಂದೆ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಗಡ್ಡೆ ಎಣ್ಣೆಗೆ ಇಳಿಯುತ್ತಾ, ಗೌಡ್ರೇ? ಮಜ್ಜಿಗೆಗೆ ಇಳಿಯುತ್ತಾ?"

"ಇಳಿದಿದ್ರೆ ಇಷ್ಟು ಜನ ಯಾಕೆ ಸಾಯ್ತಿದ್ರು?"

"ಇದು ಇಳಿಯುತ್ತೆ. ಸಂಜೆ ತನಕ ಬಿಡ್ರಿ. ಇಳೀಲಿಲ್ಲ ಅಂದ್ರೆ ನೀವು ಹೊರಬ್ಯಾಡ್ರಿ, ನಾನೇ ಕರ್ಕೊಂಡು ಹಳ್ಳ ದಾಟ್ತೀನಿ. ನಾನೂ ಅಲ್ಲೇ ಇರ್ತೀನಿ."

ಗೌಡರು ಗಳ ಹಿಡಿದವರಿಗೆ ನಿಲ್ಲಿ ಅಂತ ಕೈ ಮಾಡಿದರು. "ದೀಪ ಹಚ್ಚೋ ತನಕ" ಅಂದರು. "ಅಲ್ಲೀವರೆಗೆ ಯಾರೂ ಈ ಗುಡಿಸಲಿಂದ ಹೊರಗೆ ಬರಂಗಿಲ್ಲ." ಗಳವನ್ನು ಅಲ್ಲೇ ನಮ್ಮ ಎದುರಿಗೆ ನೆಲದ ಮೇಲೆ ಇಡಿಸಿ ಹೋದರು.

ಒಳಗೆ ಹೋದರೆ ಗಂಡ ಕಂಬಳಿ ತಲೆವರೆಗೆ ಎಳೆದುಕೊಂಡಿದ್ದರು. "ಹೇಳೇಬಿಟ್ಯಲ್ಲೇ" ಅಂತ ಕಂಬಳಿಯೊಳಗಿಂದ ಒಂದು ಮಾತು ಬಂತು. ಅದೇ ಕೊನೆ.

ದೀಪದ ಹರಳೆಣ್ಣೆ ಒಂದು ಬಟ್ಟಲು ಇತ್ತು. ಹಚ್ಚಿದೆ. ಕಡಲೆಹಿಟ್ಟು ಇರಲಿಲ್ಲ, ಜೋಳದ ಹಿಟ್ಟಿನಲ್ಲಿ ಮೆಲ್ಲಗೆ ಉಜ್ಜಿ ತೆಗೆದೆ. ಅವರ ಹಲ್ಲು ಕಟಕಟ ಅಂದವು. ಮತ್ತೆ ಎಣ್ಣೆ, ಮತ್ತೆ ಹಿಟ್ಟು. ಉಟ್ಟ ಪಂಚೆಯಲ್ಲೇ ಖಾರ ಮೆತ್ತಿಕೊಂಡಿತ್ತು, ಅದನ್ನು ಕಳಚಿ ಮೂಲೆಗೆ ಎಸೆದು ನನ್ನ ಹಳೆಯ ಸೀರೆ ಸುತ್ತಿದೆ. ಇನ್ನು ಮಜ್ಜಿಗೆ ಬೇಕು. ನಮ್ಮ ದನ ಹಾಲು ಬತ್ತಿಸಿದ್ದವು. ಮಜ್ಜಿಗೆ ಇದ್ದದ್ದು ಎಮ್ಮೆಯಕ್ಕನಲ್ಲಿ.

ಬಾಗಿಲಲ್ಲೇ ನಿಂತು ಕೂಗಿದೆ. "ಎಮ್ಮೆಯಕ್ಕಾ, ಒಂದು ತಂಬಿಗೆ ಮಜ್ಜಿಗೆ ಕೊಡು."

"ನನ್ನ ತಂಬಿಗೆ ನಿಮ್ಮ ಗುಡಿಸಲಿಗೆ ಬಂದ್ರೆ ವಾಪಸ್ ಬರ್ತೈತಾ?"

"ತಂಬಿಗೆ ಬ್ಯಾಡ, ಮಡಿಕೇಲಿ ಕೊಡು. ಒಡೆದು ಹಾಕ್ತೀನಿ."

ಅವಳು ತುಂಬಾ ಹೊತ್ತು ಬರಲಿಲ್ಲ. ಆಮೇಲೆ ಬಂದಳು. ಸಣ್ಣ ಮಡಿಕೆಯನ್ನು ಗಳದ ಪಕ್ಕ ಇಟ್ಟು, ಸೆರಗು ಮೂಗಿಗೆ ಒತ್ತಿಕೊಂಡು ಹಿಂದಕ್ಕೆ ಹೋದಳು. ಹೋಗುತ್ತ ಅಂದಳು, "ಮೆಣಸಿನಕಾಯಿಯೇ ಆಗ್ಲಿ ಅಂತ ನಾನೂ ಕೇಳ್ಕಂತೀನಿ. ಸುಳ್ಳಾದ್ರೆ ಮಾತ್ರ ನಿನ್ನ ಬಿಡಂಗಿಲ್ಲ."

ಹಳೆ ಬಟ್ಟೆ ಮಜ್ಜಿಗೆಯಲ್ಲಿ ಅದ್ದಿ ಇಟ್ಟೆ. ಬಟ್ಟೆ ಬಿಸಿಯಾದಾಗ ತೆಗೆದು ಮತ್ತೆ ಅದ್ದಿ ಇಟ್ಟೆ. ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಒಂದು ಸಲ "ಇಳೀತಾ?" ಅಂದರು. ಇಲ್ಲ ಅಂದೆ. ಇನ್ನೊಂದು ಸಲ ಕೇಳಿದರು, ನಾನು ಸುಮ್ಮನಿರ್ರಿ ಅಂದುಬಿಟ್ಟೆ. ಮಧ್ಯಾಹ್ನದವರೆಗೆ ಕೆಂಪು ಹಾಗೇ ಇತ್ತು. ಜ್ವರವೂ ಹಾಗೇ ಇತ್ತು. ನನಗೆ ಆಗ ಅನ್ನಿಸಿತು, ನಾನು ಬರೀ ನನ್ನ ಧೈರ್ಯಕ್ಕೆ ಮೆಣಸಿನಕಾಯಿ ಕಥೆ ಕಟ್ಟಿಕೊಂಡೆನೇನೋ ಅಂತ. ಜಾಡಿಗೆ ಕೈ ಹಾಕಿದ್ದು ನಿಜ, ಹಾಗಂತ ಗಡ್ಡೆ ಬರಬಾರದು ಅಂತ ಎಲ್ಲಿದೆ? ಎರಡೂ ಇರಬಹುದು. ಆ ಬಟಾಣಿಯಷ್ಟರ ಗಂಟನ್ನು ಮತ್ತೆ ಮತ್ತೆ ಒತ್ತಿ ನೋಡಿದೆ. ದೊಡ್ಡದಾಯಿತಾ, ಹಾಗೇ ಇದೆಯಾ, ಬೆರಳಿಗೆ ತಿಳಿಯದಾಯಿತು.

ಮಜ್ಜಿಗೆ ಮುಗಿಯಿತು. ಇನ್ನೊಂದು ಮಡಿಕೆ ಕೇಳಿದೆ. ಈ ಸಲ ಎಮ್ಮೆಯಕ್ಕ ಮಾತಿಲ್ಲದೆ ತಂದಿಟ್ಟಳು.

ಬಿಸಿಲು ಗುಡಿಸಲ ಹಿಂದಕ್ಕೆ ಸರಿದಾಗ ಅವರು ಮಗ್ಗುಲಾದರು. ಬೆಳಗಿನಿಂದ ಮಗ್ಗುಲಾಗಲಿಕ್ಕೆ ಆಗಿರಲಿಲ್ಲ. ಬಟ್ಟೆ ತೆಗೆದು ನೋಡಿದೆ. ಹೊಳಪು ಹೋಗಿತ್ತು. ಊದಿದ್ದ ಚರ್ಮ ಸುಕ್ಕು ಬಿದ್ದಿತ್ತು, ಅಂಚಿನಲ್ಲಿ ಕೆಂಪು ಮಾಸಿ ಕಂದಾಗುತ್ತಿತ್ತು. ಅತ್ತೆಯ ಕೈ ಹಿಡಿದು ತಂದು ಅಲ್ಲಿ ಇಟ್ಟೆ. ಅವರು ಮುಟ್ಟಿ, ನನ್ನ ಮುಖ ನೋಡಿ, ಮತ್ತೆ ಮುಟ್ಟಿದರು.

ಗೌಡರು ಬಂದರು. ನಾನು ಇಳಿದೈತೆ ಅಂದೆ. "ನಾನೇ ನೋಡ್ತೀನಿ" ಅಂದರು. ಜೊತೆಗೆ ಬಂದವರು ಬೇಡ ಅಂದರು, ಕೇಳಲಿಲ್ಲ. ಒಳಗೆ ಬಂದು, ದೀಪ ಹತ್ತಿರ ಹಿಡಿಸಿ, ಬಗ್ಗಿ, ಎರಡೂ ಕಡೆ ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಹಳ್ಳದ ಆಚೆ ಹೋದವರನ್ನೆಲ್ಲ ನೋಡಿದ ಕೈ ಅದು. ಆ ಸಣ್ಣ ಗಂಟನ್ನು ಎರಡು ಸಲ ಒತ್ತಿ, "ಇದು ನನಗೂ ಐತೆ" ಅಂದರು. ಹೊರಗೆ ಬಂದು ಗಳ ಎತ್ತಿಸಿದರು.

ಅಲ್ಲಿಗೆ ಬಿಡಲಿಲ್ಲ. ಊರೊಳಗೆ ಹೋಗಿದ್ದಕ್ಕೆ ನಮ್ಮ ಗುಡಿಸಲನ್ನು ಕಿತ್ತು ಸಾಲಿನ ತುದಿಗೆ, ಎಲ್ಲರಿಂದ ದೂರಕ್ಕೆ ಹಾಕಿಸಿದರು. ಹತ್ತು ದಿನ ಯಾರೂ ನಮ್ಮ ಹತ್ತಿರ ಬರಬಾರದು. ಜಾಡಿಯ ಹಿಂಡಿಯನ್ನು ಊರಿಗೆ ಹೋದ ದಿನವೇ ಗುಂಡಿ ತೋಡಿ ಮುಚ್ಚಬೇಕು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಜ್ವರ ಮಾರನೆಯ ದಿನ ಮೂವರಿಗೂ ಬಿಟ್ಟಿತು.

ನನ್ನ ಗಂಡ ಮಾತ್ರ ನನ್ನ ಜೊತೆ ಮಾತು ಬಿಟ್ಟರು. ಏನು ಬೇಕಾದರೂ ತಾಯಿಗೆ ಹೇಳುವುದು. ಮೊಳದೂರದಲ್ಲಿ ನಾನು ಕೂತಿದ್ದರೂ, "ಅವ್ವಾ, ನೀರು ಕೊಡಾಕೆ ಹೇಳು." ದೂರದಲ್ಲಿ ಹುಡುಗರು "ಖಾರದಣ್ಣಾ" ಅಂತ ಕೂಗಿ ಓಡುತ್ತಿದ್ದರು. ಅದಕ್ಕೂ ಗಂಡ ನನ್ನ ಕಡೆಗೇ ಕಣ್ಣು ಬಿಡುತ್ತಿದ್ದರು. ನಾನೂ ಮಾತಾಡಿಸಲಿಕ್ಕೆ ಹೋಗಲಿಲ್ಲ. ಬದುಕಿದ್ದಾರೆ, ಸಿಟ್ಟು ಮಾಡಲಿ ಅಂತ ಬಿಟ್ಟೆ.

ಊರಿಗೆ ವಾಪಸು ಹೋದಾಗ ಬೇಸಿಗೆ ಹತ್ತಿರ ಬಂದಿತ್ತು. ಮನೆಯಲ್ಲಿ ಔಷಧಿಯ ನಾತ. ಅತ್ತೆ ನೇರ ಅಡಿಗೆಮನೆಗೆ ಹೋಗಿ ಜಾಡಿಯ ಬಟ್ಟೆ ಬಿಚ್ಚಿದರು. ನಾನು ಹಿಂದೆಯೇ ನಿಂತಿದ್ದೆ. ಬೂಷ್ಟಿನ ಚುಕ್ಕೆ ಇರಲಿಲ್ಲ. ಉಪ್ಪುನೀರು ಮೇಲೆ ನಿಂತು, ಕೆಂಪು ಹಾಗೇ ಇತ್ತು. ಅಷ್ಟು ಒಳ್ಳೆಯ ಹಿಂಡಿ ನಾನು ಮತ್ತೆ ಕಂಡಿಲ್ಲ. ಅತ್ತೆ ಮೂಸಿ ನೋಡಿ, ಮರದ ಸಟ್ಟುಗದಿಂದ ಬಕೆಟ್ಟಿಗೆ ತುಂಬತೊಡಗಿದರು. ಹಿತ್ತಲ ಗುಂಡಿಗೆ ಎಷ್ಟು ಸಲ ಓಡಾಡಿದರೋ, ನನಗೆ ಒಂದು ಬಕೆಟ್ಟನ್ನೂ ಮುಟ್ಟಗೊಡಲಿಲ್ಲ. ಅವರ ಕೈ ಮೊಣಕೈವರೆಗೆ ಕೆಂಪಾಗಿತ್ತು. ಹಣ್ಣುಮೆಣಸಿನಕಾಯಿಯ ಕಾಲ ಮುಗಿದಿತ್ತು. ಆ ವರ್ಷ ಚನ್ನಗಿರಿಯ ಮಗಳು ಖಾಲಿ ಗಡಿಗೆಯನ್ನೇ ವಾಪಸು ತೆಗೆದುಕೊಂಡು ಹೋದಳು.

ಆವತ್ತಿನ ಊಟ ರೊಟ್ಟಿ, ಒಣಮೆಣಸಿನಕಾಯಿ ಹಾಕಿದ ಶೇಂಗಾಪುಡಿ. ಅತ್ತೆ ಗುಂಡಿ ಮುಚ್ಚಿದ ಕೈಗೆ ಎಣ್ಣೆ ಹಚ್ಚಿಕೊಂಡು ಗೋಡೆಗೆ ಒರಗಿದ್ದರು. ಗಂಡ ಅರ್ಧ ರೊಟ್ಟಿ ತಿಂದು ಕೈ ನಿಲ್ಲಿಸಿದರು. ತಾಯಿಯ ಕಡೆ ನೋಡಿದರು. ತಾಯಿ ಕಣ್ಣು ಮುಚ್ಚಿದ್ದರು. ಬೇರೆ ದಾರಿ ಇರಲಿಲ್ಲ.

"ಮಜ್ಜಿಗೆ ಐತೇನು?" ಅಂದರು, ತಟ್ಟೆಗೆ ಹೇಳಿದ ಹಾಗೆ.

"ಐತೆ. ಕುಡಿಯಾಕೋ, ಹಚ್ಚ್ಕಳಾಕೋ?"

ಅತ್ತೆ ಕಣ್ಣು ಬಿಡಲಿಲ್ಲ, ಆದರೆ ನಗುವಿಗೆ ಹೊಟ್ಟೆ ಕುಲುಕತೊಡಗಿತು. ಗಂಡ ಒಂದು ಸಲ ನನ್ನನ್ನು ದುರುಗುಟ್ಟಿ ನೋಡಿ, ಲೋಟ ಮುಂದಕ್ಕೆ ತಳ್ಳಿದರು.

"ಕುಡಿಯಾಕೆ."